ದತ್ತು ಹೋದ ಮೆಣಸು

ಕೊಡಗಿನಲ್ಲಿ ಒಂದು ಕಾಳುಮೆಣಸು ಹುಟ್ಟಬೇಕಾದರೆ ಕಡಿಮೆಯೆಂದರೂ ಮೂರು ವರ್ಷ ಬೇಕು. ಬಳ್ಳಿ ನೆಟ್ಟು, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆದು, ಸೊರಗು ರೋಗ ಬಾರದಿರಲಿ ಎಂದು ಹರಕೆ ಹೊತ್ತು, ಕೊನೆಗೆ ಏಣಿ ಹತ್ತುವ ಆಳು ಸಿಕ್ಕಿದರೆ ಕೊಯ್ಲು. ಕೊಲಂಬೋ ಬಂದರಿನಲ್ಲಿ ಈ ರಗಳೆಯೇ ಇಲ್ಲ. ನಮ್ಮ ಬೆಳೆಗಾರರು ವರ್ಷಗಟ್ಟಲೆ ಹೇಳುತ್ತಿರುವ ದೂರನ್ನು ನಂಬುವುದಾದರೆ, ಅಲ್ಲಿ ಮೆಣಸು ಹುಟ್ಟಲು ಒಂದು ಠಸ್ಸೆ ಸಾಕು. ವಿಯೆಟ್ನಾಮಿನಲ್ಲಿ ಬೆಳೆದದ್ದು ಹಡಗಿನಲ್ಲಿ ಬರುತ್ತದೆ, ಚೀಲ ಬದಲಾಯಿಸುತ್ತದೆ, ಸಿಂಹಳದ ಗೋತ್ರಕ್ಕೆ ದತ್ತು ಹೋಗುತ್ತದೆ. ಆಮೇಲೆ ಅದು ನಮ್ಮ ನೆಂಟ.

ನೆಂಟಸ್ತನದ ಕರಾರು ಹಳೆಯದು. 1998ರ ಡಿಸೆಂಬರಿನಲ್ಲಿ ನಮ್ಮ ಪ್ರಧಾನಿ ವಾಜಪೇಯಿ ಮತ್ತು ಲಂಕೆಯ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಸಹಿ ಹಾಕಿದರು, 2000ದ ಮಾರ್ಚ್‌ನಿಂದ ಜಾರಿ. ಭಾರತಕ್ಕೆ ಇದು ಮೊದಲ ದ್ವಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದ. ನಾವು ದೊಡ್ಡವರಾದ್ದರಿಂದ ಬಾಗಿಲನ್ನೂ ಮೊದಲು ತೆರೆದೆವು, ತಮ್ಮನಿಗೆ ತುಸು ಕಾಲಾವಕಾಶ ಕೊಟ್ಟೆವು. ಇದರಲ್ಲಿ ತಪ್ಪೇನಿಲ್ಲ. ತಪ್ಪು ಇರುವುದು ಬಾಗಿಲುಗಳ ಲೆಕ್ಕದಲ್ಲಿ.

ಅದೇ ಕಾಳು ಯಾವ ನೆಂಟಸ್ತನವೂ ಇಲ್ಲದೆ ಬಂದರೆ ಸುಂಕ ಶೇ 70. ಆಸಿಯಾನ್ ದೇಶದ್ದು ಎಂದರೆ 2010ರಿಂದ ವರ್ಷವರ್ಷ ಇಳಿಯುತ್ತ ಶೇ 50ಕ್ಕೆ ಬಂದು ನಿಂತ ಸುಂಕ. ಸಾರ್ಕ್ ಬಳಗದ್ದು ಎಂದರೆ ಶೇ 8. ಶ್ರೀಲಂಕಾದ ಸ್ವಂತ ಕೂಸು ಎಂದರೆ ವರ್ಷಕ್ಕೆ 2,500 ಟನ್ ತನಕ ಸೊನ್ನೆ. ಅಪ್ಪ ಯಾರು ಎಂಬುದರ ಮೇಲೆ ಸುಂಕ ನಿಂತಿರುವಾಗ, ಯಾವ ಮೆಣಸು ತಾನೇ ಸತ್ಯ ಹೇಳೀತು?

ಈ ವಿದ್ಯೆಯನ್ನು ಮೆಣಸಿಗೆ ಕಲಿಸಿದ್ದು ವನಸ್ಪತಿ, ಅಂದರೆ ಡಾಲ್ಡಾ. ಒಪ್ಪಂದ ಜಾರಿಯಾದದ್ದೇ ತಡ, ನಮ್ಮ ಕಡೆಯ ಉದ್ಯಮಿಗಳೇ ಲಂಕೆಗೆ ಹೋಗಿ ಕಾರ್ಖಾನೆ ಹಾಕಿದರು. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಅಲ್ಲಿ ಅಗ್ಗದ ಸುಂಕದಲ್ಲಿ ಇಳಿಯಿತು, ಗಟ್ಟಿಯಾಯಿತು, ಶೇ 35ರಷ್ಟು ಸ್ಥಳೀಯ ಮೌಲ್ಯ ಸೇರಿತೆಂದು ಕಾಗದ ಹೇಳಿತು, ಭಾರತಕ್ಕೆ ಬಂತು. ಲಂಕೆಯ ರಫ್ತಿನ ಅಂಕಿ ಕುಣಿಯಿತು. ಭಾಷಣಕಾರರೂ ಕುಣಿದರು. ಕೊನೆಗೆ ಭಾರತ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಮಿತಿ ಹಾಕಿತು. ಮುಂದೆ ತಾಳೆ ಎಣ್ಣೆಯ ಸುಂಕವನ್ನು ಇಲ್ಲೇ ಇಳಿಸಿದ ಮೇಲೆ ಸಮುದ್ರ ದಾಟಿ ಡಾಲ್ಡಾ ಮಾಡುವ ದರ್ದು ಯಾರಿಗೂ ಉಳಿಯಲಿಲ್ಲ. ಕಾರ್ಖಾನೆಗಳಿಗೆ ಬೀಗ ಬಿತ್ತು. ಲಂಕೆಯ ಕೈಗಾರಿಕೀಕರಣ ಎಂದರೆ ನಮ್ಮ ಸುಂಕದ ಪಟ್ಟಿಯಲ್ಲಿದ್ದ ಒಂದು ತೂತು ಎಂದು ಆಗ ಗೊತ್ತಾಯಿತು.

ಮೆಣಸಿನ ತೂತಿಗೂ ತೇಪೆ ಬಿತ್ತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಬೆಲೆ ನಿಗದಿ ಮಾಡಿತು. ಅದಕ್ಕಿಂತ ಅಗ್ಗದ್ದು ಒಳಗೆ ಬರುವಂತಿಲ್ಲ. ಬೆಳೆಗಾರರು ಪಟಾಕಿ ಹೊಡೆಯುವಷ್ಟರಲ್ಲಿ ಆಮದು ಬಿಲ್ಲುಗಳಲ್ಲಿ ಐನೂರು ಎಂಬ ಅಂಕಿ ಮೂಡತೊಡಗಿತು. ಇಲ್ಲಿ ನಮ್ಮ ಮೆಣಸಿಗೆ ನಾನೂರೂ ಹುಟ್ಟದ ಕಾಲದಲ್ಲಿ ಅಲ್ಲಿಂದ ಐನೂರು ಕೊಟ್ಟು ತರಿಸುವ ಧರ್ಮಾತ್ಮರು! ನಷ್ಟ ಮಾಡಿಕೊಂಡೇ ನಾಡಿನ ಸಾರಿಗೆ ಖಾರ ಹಾಕುವ ಈ ತ್ಯಾಗಿಗಳಿಗೆ ಯಾಕೆ ಇನ್ನೂ ಪದ್ಮ ಪ್ರಶಸ್ತಿ ಬಂದಿಲ್ಲವೋ ತಿಳಿಯದು.

ಆ ಸೀಸನ್ನಿನಲ್ಲಿ ಮಾವನ ಜೊತೆ ಮೆಣಸಿನಂಗಡಿಗೆ ಹೋಗಿದ್ದೆ. ವ್ಯಾಪಾರಿ ಚೀಲದೊಳಗೆ ಕೈ ತೂರಿಸಿ ಬೊಗಸೆ ಕಾಳು ತೆಗೆದ. ಅಂಗೈಯಲ್ಲಿ ಉಜ್ಜಿದ, ಉಫ್ ಎಂದು ಊದಿದ. ಎರಡು ಜೊಳ್ಳು ಹಾರಿ ಮಾವನ ಚಪ್ಪಲಿಯ ಮೇಲೆ ಬಿದ್ದವು. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ತೇವ ಇದೆ ಎಂದು ಮುಖ ಕಿವಿಚಿದ. ಲೀಟರ್ ತೂಕ ನೋಡಿ ಇನ್ನೂ ಹತ್ತು ರೂಪಾಯಿ ಇಳಿಸಿದ. ಎದುರಿಗೇ ಕಣದಲ್ಲಿ ಎಂಟು ದಿನ ಒಣಗಿಸಿ ತಂದ ಮನುಷ್ಯ ನಿಂತಿದ್ದಾನೆ, ಆದರೂ ಕಾಳಿಗೆ ಇಷ್ಟು ವಿಚಾರಣೆ. ಠಸ್ಸೆ ಬಿದ್ದ ಕಾಗದವನ್ನು ಯಾರೂ ಕಚ್ಚಿ ನೋಡುವುದಿಲ್ಲ.

ಲಂಕೆಯ ರೈತನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮೆಣಸು ಖಾರದಲ್ಲಿ ಒಳ್ಳೆಯ ಹೆಸರು ಮಾಡಿದ್ದು. ದತ್ತುಮಕ್ಕಳ ಕಾರಣಕ್ಕೆ ಅವನ ಮನೆಮಗನನ್ನೂ ಜನ ಅನುಮಾನದಿಂದ ನೋಡುವಂತಾಯಿತು. ನನಗೆ ಅಚ್ಚರಿ ಹುಟ್ಟಿಸುವುದು ಆ ದ್ವೀಪದ ಪೌರತ್ವದ ವೇಗ. ಬ್ರಿಟಿಷರ ಕಾಲದಲ್ಲಿ ಚಹಾ ತೋಟಕ್ಕೆಂದು ಹೋದ ತಮಿಳರಲ್ಲಿ ಹೆಚ್ಚಿನವರನ್ನು 1948ರ ಕಾನೂನು ಯಾವ ದೇಶದವರೂ ಅಲ್ಲವೆಂದಿತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೊ ಕುಳಿತು ಅವರನ್ನು ಇಷ್ಟು ನಿಮಗೆ, ಇಷ್ಟು ನಮಗೆ ಎಂದು ಹಂಚಿಕೊಂಡರು. ಹಾಗೆ ನಮ್ಮ ಪಾಲಿಗೆ ಬಂದವರಲ್ಲಿ ಹಲವು ಕುಟುಂಬಗಳು ಸುಳ್ಯದ ರಬ್ಬರ್ ತೋಟಗಳಲ್ಲಿ ಇಂದಿಗೂ ಹಾಲು ಇಳಿಸುತ್ತಿವೆ. ಅಲ್ಲೇ ಉಳಿದವರ ಕೊನೆಯ ಗುಂಪಿಗೆ ಪೌರತ್ವ ಕೊಡುವ ಕಾನೂನು ಬಂದದ್ದು 2003ರಲ್ಲಿ. ಮನುಷ್ಯರಿಗೆ ಐವತ್ತೈದು ವರ್ಷ. ಮೆಣಸಿಗೆ ಒಂದು ವಾರ ಹಿಡಿದರೆ ವಿಳಂಬ ಎನ್ನುತ್ತಾರೆ.

ಇದನ್ನೆಲ್ಲ ಮಾವನಿಗೆ ವಿವರಿಸಿದೆ. ಅವರ ತೋಟ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗ. ಪಹಣಿಯಲ್ಲಿ ಇವತ್ತಿಗೂ ಇರುವುದು ತೀರಿಹೋದ ಅಜ್ಜನ ಹೆಸರು, ಬ್ಯಾಂಕಿನವರು ಸಾಲ ಕೊಡಬೇಕಾದರೆ ಆ ಅಜ್ಜನನ್ನೇ ಕರೆತನ್ನಿ ಎನ್ನುವುದೊಂದು ಬಾಕಿ. ಅಳಿದುಳಿದ ಚೀಲದ ಬಾಯಿ ಕಟ್ಟುತ್ತ ಕೇಳಿಸಿಕೊಂಡರು.

"ಹಾಗಾದ್ರೆ ಪಹಣಿನೂ ಒಂದು ಸಲ ಕೊಲಂಬೋಗೆ ಕಳಿಸಿ ತರಿಸ್ಬಹುದಾ?" ಎಂದರು.