ಭೂತಗನ್ನಡಿಗೊಂದು ಭೂತಗನ್ನಡಿ

ನಾನು ಏನು ಕೆಲಸ ಮಾಡುತ್ತೇನೆಂದು ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ಅಮ್ಮ "ಕಂಪ್ಯೂಟರು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಾಳೆ. ಅದಕ್ಕಿಂತ ಮುಂದೆ ಹೋದರೆ ಇಬ್ಬರಿಗೂ ಕಷ್ಟ. ಒಮ್ಮೆ ಬಿಡಿಸಿ ಹೇಳಿದ್ದೆ. ಪ್ರೋಗ್ರಾಮುಗಳಲ್ಲಿ ತಪ್ಪಿರುತ್ತದೆ. ಆ ತಪ್ಪು ಹುಡುಕುವುದಕ್ಕೆ ಡೀಬಗರ್ ಎಂಬ ಇನ್ನೊಂದು ಪ್ರೋಗ್ರಾಮು. ಅದಕ್ಕೆ ಪೈಥಾನಿನಲ್ಲಿ ಸ್ಕ್ರಿಪ್ಟು ಬರೆದು ಪ್ರಶ್ನೆ ಕೇಳಬಹುದು. ಕೇಳಿದಾಗ ಅದು ನಿಜ ಹೇಳುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಮತ್ತೊಂದು ಪ್ರೋಗ್ರಾಮು. ಅದನ್ನು ಬರೆಯುವವನು ನಾನು. ಅಮ್ಮ ಹುಣಸೆಬೀಜ ಬಿಡಿಸುವುದನ್ನು ನಿಲ್ಲಿಸದೆ, "ನೀನು ಬರೆದಿದ್ದು ಸರಿ ಐತಾ ಅಂತ ಯಾರಪ್ಪ ನೋಡ್ತಾರೆ?" ಅಂದಳು.

ನಾನು ಕಾಫಿ ಕೇಳಿದೆ.

ಹೊರಗೆ ನಿಂತು ಒಳಗಿನದನ್ನು ತಿಳಿಯುವ ಚಟ ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ಎಲ್ಲೋ ದೂರದೇಶದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿ ಏನೂ ಆಗದವರಂತೆ ಇದ್ದವರ ಗುಟ್ಟನ್ನು ನಡುಕದಿಂದಲೇ ಪತ್ತೆ ಹಚ್ಚುವ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು ಗೌರಿಬಿದನೂರಿನಲ್ಲಿ 1965ರಿಂದ ಕಿವಿಗೊಟ್ಟು ಕೂತಿವೆ. 1976ರಲ್ಲಿ ಆಕಾಶದ ಪಿಸುಮಾತು ಕೇಳುವುದಕ್ಕೆ ಸಾವಿರ ಡೈಪೋಲುಗಳ ರೇಡಿಯೋ ದೂರದರ್ಶಕವೂ ಬಂತು. ಭೂಮಿ, ಆಕಾಶ ಎರಡೂ ಆದವು. ಅಂಗೈಯ ಮೇಲಿನದನ್ನು ನೋಡುವ ಕೆಲಸ ಅಲೀಪುರದವರಿಗೆ ಉಳಿಯಿತು. ಅಲ್ಲಿ ಹರಳಿಗೆ ಸಾಣೆ ಹಿಡಿಯುತ್ತಾರೆ.

ನನ್ನ ಕೆಲಸದ ವಿಚಿತ್ರವೆಂದರೆ ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳಬೇಕು. ಬಸ್ಸಿಳಿಯುವುದನ್ನು ಕಣ್ಣಾರೆ ನೋಡಿದ ಟೀ ಅಂಗಡಿಯವರು "ಯಾವಾಗ್ ಬಂದೆ?" ಎಂದು ಕೇಳುವುದಿಲ್ಲವೇ, ಹಾಗೆ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಎಂಬ ಡೀಬಗರಿಗೆ 2009ರಲ್ಲಿ, ಏಳನೇ ಆವೃತ್ತಿಯ ಹೊತ್ತಿಗೆ, ಪೈಥಾನ್ ಬಂತು. ಅದರ ಟೆಸ್ಟುಗಳನ್ನು ಡೆಜಾಗ್ನು ಎಂಬ ಮೇಸ್ತ್ರಿ ನಡೆಸುತ್ತಾನೆ. ಒಂದು ಪುಟ್ಟ ಸಿ ಪ್ರೋಗ್ರಾಮು ಬರೆದು, ಅದರೊಳಗೆ ನಾವೇ ಒಂದು ವೇರಿಯಬಲ್ಲಿಗೆ 5 ಎಂಬ ಬೆಲೆ ಇಟ್ಟು, ಪ್ರೋಗ್ರಾಮನ್ನು ನಟ್ಟನಡುವೆ ನಿಲ್ಲಿಸಿ, "ಅಲ್ಲಿ ಎಷ್ಟಿದೆಯಪ್ಪಾ?" ಎಂದು ಮುಗ್ಧರಂತೆ ಕೇಳಬೇಕು. 5 ಅಂದರೆ ಪಾಸ್. ಹತ್ತು ಸೆಕೆಂಡು ಬಾಯಿ ಬಿಡದಿದ್ದರೆ ಫೇಲ್. ಕಂಪೈಲರು ಚುರುಕುತನಕ್ಕೆಂದು ವೇರಿಯಬಲ್ಲನ್ನೇ ಕಿತ್ತುಹಾಕಿದ್ದರೆ "ಆಪ್ಟಿಮೈಸ್ಡ್ ಔಟ್" ಎಂಬ ಉತ್ತರ ಬರುತ್ತದೆ. ಚಂದಾ ಕೇಳಲು ಹೋದವರಿಗೆ "ಅವರು ಮನೇಲಿಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದ ಹಾಗೆ.

ನನ್ನ ಟೆಸ್ಟುಗಳು ತಿಂಗಳುಗಟ್ಟಲೆ ಪಾಸಾದವು. ಒಂದೂ ಫೇಲಿಲ್ಲ. ಎಲ್ಲ ಮಕ್ಕಳಿಗೂ ನೂರಕ್ಕೆ ನೂರು ಕೊಡುವ ಮೇಷ್ಟರ ಬಗ್ಗೆ ಊರು ಏನು ಮಾತಾಡಿಕೊಳ್ಳುತ್ತದೆ ಎಂದು ಗೊತ್ತಿದ್ದೂ ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಹಾಗಿದ್ದಾಗಲೇ ಅಮ್ಮನಿಗೊಂದು ಹರಳಿನ ಪದಕ ಕೊಳ್ಳೋಣವೆಂದು ಅಲೀಪುರಕ್ಕೆ ಹೋಗಿದ್ದು. ಉರ್ದು ಬೋರ್ಡುಗಳ ಓಣಿಯಲ್ಲಿ ಎಲ್ಲಿಂದಲೋ ಸಾಣೆಯ ಕಿರ್ರ್ ಸದ್ದು. ಒಂದೇ ಕೋಣೆಯ ಕಾರ್ಖಾನೆಯಲ್ಲಿ ಬಿಳಿಗಡ್ಡದ ಚಾಚಾ ಒಬ್ಬರು ಕಡ್ಡಿಯ ತುದಿಗೆ ಅರಗಿನಲ್ಲಿ ಅಂಟಿಸಿದ ಹರಳನ್ನು ತಿರುಗುವ ಚಕ್ರಕ್ಕೆ ತಾಗಿಸುತ್ತಿದ್ದರು. ತಾಗಿಸುವುದು ಒಂದು ಉಸಿರಿನಷ್ಟು ಹೊತ್ತು. ಎತ್ತಿ, ಹೆಬ್ಬೆರಳಿನಿಂದ ನೀರು ಒರೆಸಿ, ಬೆಳಕಿಗೆ ಹಿಡಿದು ನೋಡುವುದು ಅದರ ಎರಡರಷ್ಟು. ನಿಲ್ಲಿಸುವುದು, ನೋಡುವುದು, ಮತ್ತೆ ಬಿಡುವುದು. ನನ್ನ ಡೀಬಗರಿನ ಕಸುಬೂ ಇಷ್ಟೇ ಅಲ್ಲವೇ ಎನಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

ಪಕ್ಕದಲ್ಲಿ ಒಬ್ಬ ಹುಡುಗ ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಕಲ್ಲು ಆರಿಸುತ್ತಿದ್ದ. ಚಾಚಾ ನನ್ನ ಕಡೆ ಬಾಗಿ ಮೆಲ್ಲಗೆ, "ಬೆಳಗ್ಗೆ ಅದರಲ್ಲಿ ಎರಡು ಗಾಜಿನ ಚೂರು ಹಾಕಿದೀನಿ ಬೇಟಾ. ಅವನಿಗೆ ಗೊತ್ತಿಲ್ಲ" ಅಂದರು.

"ಯಾಕೆ ಚಾಚಾ?"

"ಎಲ್ಲಾ ಚೆನ್ನಾಗೈತೆ ಅಂತ ದಿನಾ ಹೇಳ್ತಾನೆ. ಕಲ್ಲು ಚೆನ್ನಾಗೈತೋ, ಇವನಿಗೆ ಕಣ್ಣಿಲ್ವೋ, ನಂಗೆ ಹೆಂಗೆ ಗೊತ್ತಾಗ್ಬೇಕು?"

ಹುಡುಗ ಒಂದು ಚೂರು ಎತ್ತಿ ಕೆನ್ನೆಗೆ ಒತ್ತಿ ಹಿಡಿದ. ಕಲ್ಲಾದರೆ ತಣ್ಣಗೇ ಇರುತ್ತದೆ, ಗಾಜು ಬೇಗ ಬೆಚ್ಚಗಾಗುತ್ತದೆ ಎಂದು ಚಾಚಾ ವಿವರಿಸಿದರು. ಹುಡುಗ ಅದನ್ನು ಪಕ್ಕಕ್ಕೆಸೆದ. ಚಾಚಾ ಏನೂ ಗೊತ್ತಿಲ್ಲದವರಂತೆ ಚಕ್ರದ ಕಡೆ ತಿರುಗಿದರು, ಆದರೆ ಗಡ್ಡ ನಗುತ್ತಿತ್ತು.

ಅವತ್ತು ರಾತ್ರಿ ನಾನೂ ಗಾಜು ಹಾಕಿದೆ. ಯಾವ ಬೆಲೆ ಕೇಳಿದರೂ ಅದಕ್ಕೆ 60 ಕೂಡಿಸಿ ಹೇಳುವಂತೆ ಡೀಬಗರಿನ ನನ್ನ ಪ್ರತಿಯನ್ನು ಬೇಕೆಂದೇ ಕೆಡಿಸಿ ಟೆಸ್ಟು ಓಡಿಸಿದೆ. 5 ಇರಬೇಕಾದಲ್ಲಿ ಅದು 65 ಅಂದಿತು. ನನ್ನ ಟೆಸ್ಟು: ಪಾಸ್. 7ಕ್ಕೆ 67: ಪಾಸ್. ಉತ್ತರ "5" ಎಂದು ನಾನು ಬರೆದಿದ್ದೆನೇ ಹೊರತು ಅದರ ಎಡಕ್ಕೆ ಬೇರೇನೂ ಇರಕೂಡದೆಂದು ಹೇಳಿರಲಿಲ್ಲ. ಬಾಲ ತಾಳೆಯಾಯಿತೆಂದು ಆನೆಗೂ ಇಲಿಗೂ ಒಂದೇ ಸರ್ಟಿಫಿಕೇಟು ಕೊಟ್ಟಿದ್ದೆ! ಒಂದಂಕಿಯ ಟೆಸ್ಟುಗಳೆಲ್ಲ ಹೀಗೇ. ತಿರುವಿದ್ದ ಮೀಸೆ ತಾನಾಗಿ ಇಳಿಯಿತು. ಬೆಳಗಾಗುವವರೆಗೆ ಕೂತು ಒಂದೊಂದನ್ನೇ ಸರಿಪಡಿಸಿದೆ; ಜನ್ಮದಲ್ಲಿ ಮೊದಲ ಸಲ ಪರದೆಯ ತುಂಬ ಫೇಲ್ ಎಂದು ಕಂಡು ಖುಷಿಪಟ್ಟೆ. ಆಮೇಲೆ ಆ 60 ತೆಗೆದು ಓಡಿಸಿದಾಗ ಎಲ್ಲವೂ ಪಾಸಾದವು. ಈ ಸಲ ನಂಬಿದೆ.

ಬೆಳಗ್ಗೆ ಪದಕವನ್ನು ಅಮ್ಮನ ಕೈಗಿಟ್ಟು, "ತಗೋ, ನೀನವತ್ತು ಕೇಳಿದ್ದಕ್ಕೆ ಉತ್ತರ" ಎಂದು ಚಾಚಾ, ಹುಡುಗ, ಗಾಜು, ಕೆನ್ನೆ ಎಲ್ಲ ಕಥೆ ಹೇಳಿದೆ. ಪೂರ್ತಿ ಕೇಳಿದಳು. ಪದಕವನ್ನು ತಿರುಗಿಸಿ ನೋಡಿದಳು. ನಿಧಾನವಾಗಿ ಎತ್ತಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ನಾನು ಕಾದೆ. ಗೋಡೆಯ ಗಡಿಯಾರದ ಮುಳ್ಳು ಹತ್ತು ಸೆಕೆಂಡು ದಾಟಿತು. ಡೆಜಾಗ್ನು ಆಗಿದ್ದರೆ ಇಷ್ಟು ಹೊತ್ತಿಗೆ ಫೇಲ್ ಎಂದು ಬರೆದು ಮುಂದಿನದಕ್ಕೆ ಹೋಗಿರುತ್ತಿತ್ತು.