ಲೈನ್ ಮನೆ ಮೀಮಾಂಸೆ: ಅರೇಹಳ್ಳಿ ಸೀಮೆಯ ಕುಯ್ಲು ಕಾಲಕ್ಕೊಂದು ಸೂತ್ರಭಾಷ್ಯ

ಪ್ರಥಮ ಸೂತ್ರ: ಹಣ್ಣಾದಾಗ ಮನೆ ತುಂಬುವುದು.

ಭಾಷ್ಯ: ಹಣ್ಣು ಕಾಫಿಯದು. ಮನೆ, ಬೇಲೂರು ತಾಲ್ಲೂಕು ಅರೇಹಳ್ಳಿ ಹೋಬಳಿಯ ತೋಟಗಳಲ್ಲಿ ಒಂದರ ಗೋಡೆಗೊಂದು ಅಂಟಿಕೊಂಡು ಸಾಲಾಗಿ ನಿಂತಿರುವ ಲೈನ್ ಮನೆ. ಇಷ್ಟರ ತನಕ ತಕರಾರಿಲ್ಲ. ತುಂಬುವುದು ಎಂದರೆ ಎಷ್ಟು ಎಂಬಲ್ಲಿ ಮಾತ್ರ ಎರಡು ಪಂಥಗಳಿವೆ. ತೋಟದ ಲೆಕ್ಕ ಬರೆಯುವ ರೈಟ್ರ ಮತದಲ್ಲಿ ಒಂದು ಮನೆಗೆ ಒಂದು ಸಂಸಾರ. ಆಳು ಕರೆತರುವ ಮೇಸ್ತ್ರಿಯ ಮತದಲ್ಲಿ ಒಂದು ಮನೆಗೆ ಒಂದು ಜೀಪು ಜನ. ನವೆಂಬರ್ ಕಳೆಯುವುದರೊಳಗೆ ಮೇಸ್ತ್ರಿಯ ಪಂಥ ಗೆದ್ದಿರುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಪಂಡಿತರು ಮನೆ ಬದಲಾಯಿಸುವ ಕಾಲವನ್ನು ಮಕ್ಕಳ ಬೇಸಿಗೆ ರಜೆಯಿಂದ ಎಣಿಸುತ್ತಾರೆ. ನಮ್ಮಲ್ಲಿ ಮುಹೂರ್ತ ಇಡುವುದು ಹೂಮಳೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ವಾರ ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ. ಅಲ್ಲಿಂದ ಎಂಟೊಂಬತ್ತು ತಿಂಗಳಿಗೆ ಅರೇಬಿಕಾ, ಹತ್ತು ಹನ್ನೊಂದು ತಿಂಗಳಿಗೆ ರೊಬಸ್ಟಾ ಹಣ್ಣು. ಮೋಡಕ್ಕೆ ಯಾರ ಬೇಲಿಯೂ ಗೊತ್ತಿಲ್ಲದ್ದರಿಂದ ಸುತ್ತಲಿನ ತೋಟಗಳೆಲ್ಲ ಒಟ್ಟಿಗೇ ಕೆಂಪಾಗುತ್ತವೆ, ಎಲ್ಲರಿಗೂ ಅದೇ ವಾರ ಅದೇ ಆಳುಗಳು ಬೇಕಾಗುತ್ತಾರೆ. ಕೆಲವು ಸಾಹುಕಾರರು ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾಕ್ಕೆ ಸ್ವಂತ ಮಳೆ ಸುರಿಸಿಕೊಂಡು ಈ ನಿಯಮದಿಂದ ಪಾರಾಗಲು ನೋಡಿದ್ದುಂಟು. ಪಕ್ಕದ ತೋಟದವರೂ ಅದೇ ವಾರ ಪಂಪ್ ಚಾಲೂ ಮಾಡಿದ್ದರಿಂದ ಶಾಸ್ತ್ರಕ್ಕೆ ಧಕ್ಕೆ ಬರಲಿಲ್ಲ.

ದ್ವಿತೀಯ ಸೂತ್ರ: ಅಡ್ವಾನ್ಸ್ ಕೊಡುವವನು ಮನೆಯ ಒಡೆಯ.

ಭಾಷ್ಯ: ನಗರದ ಗೃಹಶಾಸ್ತ್ರವೆಲ್ಲ ಇಲ್ಲಿ ತಲೆಕೆಳಗಾಗುತ್ತದೆ. ಬೆಂಗಳೂರಿನಲ್ಲಿ ಮನೆಗೆ ಬರುವವನು ಒಡೆಯನ ಕೈಗೆ ಹತ್ತು ತಿಂಗಳ ಬಾಡಿಗೆ ಇಟ್ಟು, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳುತ್ತಾನೆ. ಅರೇಹಳ್ಳಿಯಲ್ಲಿ ಒಡೆಯನೇ ಮನೆಗೆ ಬರುವವರ ಕೈಗೆ ಅಡ್ವಾನ್ಸ್ ಇಟ್ಟು, ಸೌದೆ, ಕರೆಂಟು, ಹೋಗಿಬರುವ ಖರ್ಚು ಒಪ್ಪಿಕೊಂಡು, ‘ದಯವಿಟ್ಟು ಬನ್ನಿ’ ಎನ್ನುತ್ತಾನೆ. ಹೀಗೆ ಕೊಟ್ಟ ದುಡ್ಡು ಮೇಸ್ತ್ರಿಯ ಮೂಲಕ ರಾಯಚೂರಿನ ಕಡೆಗೋ, ತಮಿಳುನಾಡಿಗೋ, ಅಸ್ಸಾಮಿಗೋ ಹೋಗುತ್ತದೆ. ದುಡ್ಡು ಹೋದಷ್ಟೇ ಖಚಿತವಾಗಿ ಜನ ಬರುತ್ತಾರೆಯೇ ಎಂಬುದು ಈ ದರ್ಶನದ ಅತ್ಯಂತ ಗಹನ ಪ್ರಶ್ನೆ. ಅಡ್ವಾನ್ಸ್ ಒಂದು ತೋಟದ್ದು, ಜೀಪು ಇಳಿಸಿದ್ದು ಇನ್ನೊಂದು ತೋಟದಲ್ಲಿ ಎಂಬ ಪ್ರಸಂಗಗಳನ್ನು ದ್ವೈತಕ್ಕೆ ಉದಾಹರಣೆಯಾಗಿ ಕೊಡಬಹುದು. ಬೇಗುದಿಯಲ್ಲಿ ಬೈಯುವ ಸಾಹುಕಾರರಿಗೆ ಒಂದು ಮಾತು: ಹಣ್ಣು ಉದುರುವ ಮೊದಲು ಕೈ ಬೇಕಾದದ್ದು ನಿಮಗೆ. ಮಾರುಕಟ್ಟೆ ಎಂದರೆ ಕಾಫಿಗೊಂದು, ಕೂಲಿಗೊಂದು ಅಂತ ಬೇರೆ ಬೇರೆ ಇಲ್ಲ.

ತೃತೀಯ ಸೂತ್ರ: ನಲ್ಲಿಯ ದೂರವೇ ಅಂತಸ್ತು.

ಭಾಷ್ಯ: ಅಪಾರ್ಟ್‌ಮೆಂಟಿನ ಲಿಫ್ಟ್ ಇಲ್ಲದ ಕಡೆ ಮೊದಲ ಮಹಡಿ, ಹತ್ತನೇ ಮಹಡಿ ಎಂಬ ಭೇದವೂ ಇಲ್ಲ. ನಲ್ಲಿಯ ಪಕ್ಕದ ಮನೆ ಉತ್ತಮ, ನಡುವಿನದು ಮಧ್ಯಮ, ಬಗನಿ ಮರದ ಪಕ್ಕದ ಕೊನೆಯದು ಅಧಮ. ಬಗನಿಯನ್ನು ಆನೆಯೂ ಮೆಚ್ಚುತ್ತದೆ ಎಂಬುದು ಕಾರಣ. ಬೇಲೂರು, ಸಕಲೇಶಪುರ ಭಾಗದಲ್ಲಿ ಅಡ್ವಾನ್ಸ್ ಪಡೆಯದೆ, ಆಧಾರ್ ನಕಲು ಕೊಡದೆ ತೋಟದಲ್ಲಿ ಬೀಡುಬಿಡುವ ಏಕೈಕ ಜೀವಿ ಆನೆ. ಬೆಳಗ್ಗೆ ಆನೆ ಕಾರ್ಯಪಡೆಯವರ ಸಂದೇಶ ಬಂತೆಂದರೆ ಆ ದಿನದ ಕುಯ್ಲಿನ ಬ್ಲಾಕ್ ಯಾವುದೆಂದು ನಿರ್ಧರಿಸುವುದು ರೈಟ್ರೂ ಅಲ್ಲ, ಮೇಸ್ತ್ರಿಯೂ ಅಲ್ಲ.

ಚತುರ್ಥ ಸೂತ್ರ: ಕಾಯ್ದೆಯಲ್ಲಿ ಕಂಬಳಿಯೂ ಇತ್ತು.

ಭಾಷ್ಯ: 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮನೆಯ ಮಾತಾಡಿತು. 50 ಹೆಂಗಸರಿದ್ದರೆ ಶಿಶುವಿಹಾರ ಬೇಕೆಂದಿತು. ಛತ್ರಿ, ಕಂಬಳಿಗಳ ಬಗ್ಗೆ ನಿಯಮ ಮಾಡಲು ರಾಜ್ಯಗಳಿಗೆ ಅಧಿಕಾರವನ್ನೂ ಕೊಟ್ಟಿತು. ಕರಡು ಬರೆದವರು ಆಷಾಢದಲ್ಲಿ ಮಲೆನಾಡಿಗೆ ಬಂದಿದ್ದರೇ ಎಂದು ಸಂಶಯ ಬರುವಷ್ಟು ನಿಖರ. ಆದರೆ 1981ರ ತಿದ್ದುಪಡಿಯ ಮೇಲೆ, 2025ರಲ್ಲಿ ರದ್ದಾಗುವ ತನಕ, ಅದರ ಹೊಸ್ತಿಲು 5 ಹೆಕ್ಟೇರು ಮತ್ತು 15 ಮಂದಿ. ಅದಕ್ಕಿಂತ ಸಣ್ಣ ಹಿಡುವಳಿಯವರು ಹೊಸ್ತಿಲ ಹೊರಗೇ ಉಳಿದರು. ತೋಟದ ಹೊರಗಿರುವ ಆಳು ಮನೆ ಕೇಳಬೇಕಾದರೆ ಆರು ತಿಂಗಳು ಸತತ ಕೆಲಸ ಮಾಡಿರಬೇಕಿತ್ತು. ಕುಯ್ಲು ಮುಗಿಯುವುದೇ ನಾಲ್ಕರೊಳಗೆ.

ಪಂಚಮ ಸೂತ್ರ: ಗೋಡೆಯೇ ಪ್ರಮಾಣ.

ಭಾಷ್ಯ: ಹಾಸನ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟದಲ್ಲಿ 1902ರಲ್ಲೇ ಅಚ್ಚಾದವು. ಸಂಪಾದಕ ರೈಸ್ ಸಾಹೇಬರ ಆ ಸಂಪುಟದಲ್ಲಿ ಲೈನ್ ಮನೆಗಳ ಒಳಗೋಡೆ ಇಲ್ಲ. ದೊಡ್ಡ ಲೋಪ. ಆ ಗೋಡೆಗಳ ಮೇಲೆ ಇದ್ದಿಲಿನಲ್ಲಿ ಗೀಚಿದ ಕಿಲೋ ಲೆಕ್ಕ, ಮೊಬೈಲ್ ನಂಬರು, ಬಾಣ ಚುಚ್ಚಿದ ಹೃದಯ, ಕನ್ನಡ, ತಮಿಳು, ಅಸ್ಸಾಮಿ ಲಿಪಿಗಳು ಒಂದರ ಮೇಲೊಂದು ಇವೆ. ಇದಕ್ಕೆ ಪೂರ್ವಾಧಾರವೂ ದೂರವಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿಟ್ಟಿದ್ದಾರೆ. ಅಪ್ಪ ಮಗ ಶಿಕಾರಿಪುರದ ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದವರೇ. ರಾಜ ಅವರನ್ನು ಯಾವ ಸಾಲುಮನೆಯಲ್ಲಿ ಇಳಿಸಿದ್ದ, ನಲ್ಲಿಯ ಜಾಗದಲ್ಲಿದ್ದ ಬಾವಿ ಎಷ್ಟು ದೂರ, ಎಂದು ಬರೆಸುವಷ್ಟು ವ್ಯವಧಾನ ಅವನಿಗೆ ಇರಲಿಲ್ಲ. ಆ ಕಾಲಕ್ಕೂ ಒಬ್ಬ ಮೇಸ್ತ್ರಿ ಇದ್ದೇ ಇದ್ದ ಎಂಬುದು ಭಾಷ್ಯಕಾರನ ಅನುಮಾನ ಪ್ರಮಾಣ.

ಕುಯ್ಲು ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುವ ಸಂಜೆ ಈ ಸೂತ್ರಕ್ಕೆ ಬೆಲೆ ಬರುತ್ತದೆ. ರೈಟ್ರ ಪುಸ್ತಕದಲ್ಲಿ ಒಂದು ಕಿಲೋ, ಗೋಡೆಯ ಮೇಲೆ ಇನ್ನೊಂದು ಕಿಲೋ. ಪುಸ್ತಕಕ್ಕೆ ರಟ್ಟಿದೆ, ಗೆರೆಯಿದೆ, ಸಾಹುಕಾರರ ಸಹಿಯಿದೆ. ಗೋಡೆಗಿರುವುದು ದಿನಾ ಸಂಜೆ ಮೂಟೆ ತೂಗಿಸಿ ಬಂದವಳ ಕೈಬರಹ. ಪೂರ್ವಪಕ್ಷದವರು ಪುಸ್ತಕದ ಪರ ಬಹಳ ವಾದಿಸುತ್ತಾರೆ. ಅಷ್ಟರಲ್ಲಿ ರೊಬಸ್ಟಾ ಇನ್ನೂ ಗಿಡದಲ್ಲೇ ಇರುವ ಪಕ್ಕದ ತೋಟದ ಜೀಪು ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುತ್ತದೆ, ಮತ್ತು ಗೋಡೆಯ ಲೆಕ್ಕ ಸರಿಯೆಂದು ಸಿದ್ಧಾಂತವಾಗುತ್ತದೆ.

ಮರುದಿನವೇ ಸಾಹುಕಾರರ ಅಪ್ಪಣೆ: ಲೈನಿನ ಒಳಗೋಡೆಗೆಲ್ಲ ಸುಣ್ಣ ಬಳಿಸಿ. ಬಳಿಯಲು ಜನ ಹುಡುಕಿ ಹೋದ ಮೇಸ್ತ್ರಿ ಸಂಜೆ ಬಂದು ರೈಟ್ರ ಮುಂದೆ ನಿಂತಿದ್ದಾನೆ. ಅವರೂ ಅಡ್ವಾನ್ಸ್ ಕೇಳುತ್ತಿದ್ದಾರಂತೆ.