ಎಂಬಿಪಿಎಸ್ ಮೇಷ್ಟ್ರು

ನಮ್ಮ ಬೈರಕೂರಿನಲ್ಲಿ ಮನುಷ್ಯನ ಯೋಗ್ಯತೆಯನ್ನು ಬೋರ್‌ವೆಲ್ಲಿನ ಇಂಚಿನಲ್ಲಿ ಅಳೆಯುವುದು ರೂಢಿ. 'ಅವರ ಬೋರಲ್ಲಿ ಎರಡೂವರೆ ಇಂಚು ನೀರಂತೆ' ಅಂದರೆ ಮುಗೀತು, ಹೆಣ್ಣು ಕೊಡುವವರು ಜಾತಕ ಕೂಡ ಕೇಳುವುದಿಲ್ಲ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರ ಬೋರು 1,200 ಅಡಿ ಇಳಿದೂ ಬರೀ ಧೂಳು ಕಕ್ಕಿತು. ಅವತ್ತೇ ಮೇಷ್ಟ್ರು ಅಳತೆಗೋಲು ಬದಲಾಯಿಸಿಬಿಟ್ಟರು. ಈಗ ಅವರದು ಎಂಬಿಪಿಎಸ್ ಲೆಕ್ಕ.

ಬೆಳಿಗ್ಗೆ ಎದ್ದವರು ದೇವರ ಪಟಕ್ಕಿಂತ ಮೊದಲು ನೋಡುವುದು ಸ್ಪೀಡ್ ಟೆಸ್ಟಿನ ಮುಳ್ಳು. ಅದು ಏರುವಷ್ಟು ಹೊತ್ತು ಉಸಿರು ಬಿಗಿಹಿಡಿದು, ನಿಂತ ಮೇಲೆ ಅಂಕಿಯನ್ನು ಹಳೇ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ದಾರಿಯಲ್ಲಿ ಸಿಕ್ಕವರು 'ಹುಷಾರಾಗಿದ್ದೀರಾ ಮೇಷ್ಟ್ರೇ?' ಅಂದರೆ, 'ಎಲ್ಲಿ ಹುಷಾರು! ಬೆಳಿಗ್ಗೆ ಹನ್ನೊಂದಿತ್ತು, ಈಗ ಒಂಬತ್ತಕ್ಕಿಳಿದಿದೆ' ಎಂದು ನಿಟ್ಟುಸಿರು. ಹೊಸಬರೊಬ್ಬರು ಹಿಮೋಗ್ಲೋಬಿನ್ ಅಂದುಕೊಂಡು ದಾಳಿಂಬೆ ತಂದುಕೊಟ್ಟು ಹೋದರು.

ಇಷ್ಟಕ್ಕೂ ಮನೆಯಲ್ಲಿ ನೆಟ್ ಯಾತಕ್ಕೆ? ಮೇಷ್ಟ್ರು ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ, ಅಮ್ಮಾವ್ರು ರಾತ್ರಿ ತಪ್ಪಿಹೋದ ಸೀರಿಯಲ್ ನೋಡುತ್ತಾರೆ. ಅಷ್ಟೆ. 'ಅದಕ್ಕೆ 5 ಎಂಬಿಪಿಎಸ್ ಸಾಕಲ್ವಾ ಮೇಷ್ಟ್ರೇ?' ಎಂದು ಹೋಟೆಲಿನಲ್ಲಿ ದೋಸೆ ಮುರಿಯುತ್ತ ಕೇಳಿದೆ. ತಗೋ, ಪಾಠ ಶುರುವಾಯಿತು. 'ಈ ದೇಶದ ಜನಕ್ಕೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಎರಡನೇ ಸ್ವಾತಂತ್ರ್ಯ! ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಮೊದಲು 512 ಕೆಬಿಪಿಎಸ್ ಇದ್ರೆ ಆಗ್ತಿತ್ತು. 2023ರಲ್ಲಿ ಸರ್ಕಾರ ಅದನ್ನ 2 ಎಂಬಿಪಿಎಸ್ ಮಾಡ್ತು. ಅದು ಪಾಸ್ ಮಾರ್ಕು ಕಣಯ್ಯಾ. ಪಾಸ್ ಆದ್ರೆ ಸಾಕು ಅನ್ನೋನು ನನ್ನ ಕ್ಲಾಸಲ್ಲಿ ಯಾವತ್ತೂ ಮುಂದಿನ ಬೆಂಚಲ್ಲಿ ಕೂತಿಲ್ಲ.' ನಾನು ಹಿಂದಿನ ಬೆಂಚಿನವನು, ಚಟ್ನಿ ಹಾಕಿಸಿಕೊಂಡೆ.

ಕೊನೆಗೆ 30ರ ಪ್ಲ್ಯಾನು 100ಕ್ಕೆ ಏರಿತು. ಬೋರ್ಡಿನಲ್ಲಿದ್ದದ್ದು 699, ಶೇ 18ರ ಜಿಎಸ್‌ಟಿ ಸೇರಿ 825 ಬಿದ್ದಾಗ ಅಮ್ಮಾವ್ರು ಮೂರು ದಿನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಮುಳ್ಳು ಮಾತ್ರ 14 ದಾಟಲಿಲ್ಲ. ಮೇಷ್ಟ್ರು ಕೇಬಲ್ ಹುಡುಗನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿದರು. ಸದ್ಯ, ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

'ನೂರು ಅಂತ ಹೇಳಿ ಡೌನ್‌ಲೋಡಲ್ಲಿ ಒಂದೂವರೆ ತೋರಿಸ್ತಿದ್ದೀಯಲ್ಲೋ?'

'ಸಾರ್, ನಾವು ಬಿಟ್ಟಲ್ಲಿ ಹೇಳ್ತೀವಿ, ಫೋನು ಬೈಟಲ್ಲಿ ತೋರಿಸುತ್ತೆ. ಎಂಟು ಬಿಟ್ಟಿಗೆ ಒಂದು ಬೈಟು. ವಡ್ಡಹಳ್ಳಿ ಮಂಡೀಲಿ ಒಬ್ಬ ಟೊಮೆಟೊ ಹಣ್ಣೆಣಿಸ್ತಾನೆ, ಇನ್ನೊಬ್ಬ ಬಾಕ್ಸೆಣಿಸ್ತಾನೆ, ಹಂಗೆ. ಆದ್ರೂ ಹನ್ನೆರಡೂವರೆ ಬರ್ಬೇಕಿತ್ತು. ಬಾಕ್ಸ್ ಎಲ್ಲಿಟ್ಟಿದ್ದೀರ?'

ಮೇಷ್ಟ್ರು ನಡುಮನೆಗೆ ಹೋಗಿ, ಸೊಂಟದ ಕೀಲಿಗೊಂಚಲು ತೆಗೆದು, ಕಬ್ಬಿಣದ ಬೀರುವಿನ ಬಾಗಿಲು ತೆರೆದರು. ರೇಷ್ಮೆ ಸೀರೆಗಳ ಪಕ್ಕದಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ರೌಟರ್ ಬೆವರುತ್ತ ಮಲಗಿತ್ತು.

ಹುಡುಗನ ಬಾಯಲ್ಲಿ ಗಡಿನಾಡಿನ ತೆಲುಗು ತಾನಾಗಿ ಬಂತು: 'ಬೀರುವಾಲೋ ಪೆಟ್ಟಿನಾರಾ ಸಾರ್!'

'ಮತ್ತೆ? ಇಲಿ ಕಡಿದ್ರೆ? ಯಾರಾದ್ರೂ ಕಣ್ಣು ಹಾಕಿದ್ರೆ?'

ಕಬ್ಬಿಣದ ಬಾಗಿಲು, ಅದರಾಚೆ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ. ಪಾಪ, ಸಿಗ್ನಲ್ಲು ಎಷ್ಟಂತ ತಲೆ ಚಚ್ಚಿಕೊಳ್ಳಬೇಕು? ಮೇನ್ ಲೈನ್ ಮೂರಿಂಚಿಂದು ಎಳೆದು ತುದಿಯಲ್ಲಿ ಡ್ರಿಪ್ಪರ್ ಕಟ್ಟಿಕೊಂಡರೆ ಗಿಡಕ್ಕೆ ತೊಟ್ಟಿಕ್ಕುವಷ್ಟೇ ತಾನೇ ನೀರು. ಹುಡುಗ ರೌಟರನ್ನು ಪಡಸಾಲೆಯ ಗೋಡೆಗೆ ಎತ್ತರದಲ್ಲಿ ಹೊಡೆದ. ಮುಳ್ಳು 94ಕ್ಕೆ ಹೋಗಿ ನಿಂತಿತು.

ಇನ್ನೇನು ಊರಿಗೆಲ್ಲ ಸಾರಿಕೊಂಡು ಬರುತ್ತಾರೆ ಅಂದುಕೊಂಡೆ. ಮೇಷ್ಟ್ರು ಹೊರಗೇ ಬರಲಿಲ್ಲ, ಬೆಂಗಳೂರಿನ ಮಗನಿಗೆ ಫೋನು ಹಚ್ಚಿದರು. 'ಊರಿಗೆ ಬಂದು ಅಲ್ಲೇ ಕೂತು ಕೆಲಸ ಮಾಡ್ತೀನಪ್ಪ, ಆದ್ರೆ ನೆಟ್ ಸ್ಲೋ' ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದನಂತೆ. ಹಾಜರಿ ಪುಸ್ತಕದ ಗುಟ್ಟು ನನಗೆ ತಿಳಿದದ್ದು ಆಗಲೇ.

'ತೊಂಬತ್ನಾಲ್ಕು ಕಣೋ!'

'ಸೂಪರ್ ಅಪ್ಪ. ಆದ್ರೆ ಮೀಟಿಂಗ್ ಮಧ್ಯೆ ಕರೆಂಟ್ ಹೋದ್ರೆ?'

ಮಾರನೇ ದಿನ ಮೇಷ್ಟ್ರು ಯುಪಿಎಸ್ ತರಲು ಮುಳಬಾಗಿಲು ಬಸ್ಸು ಹತ್ತಿದರು. 'ಕರೆಂಟಾದ ಮೇಲೆ ಸೊಳ್ಳೆ ಅಂತಾನೆ, ನೋಡ್ತಿರಿ' ಎಂದು ಅಮ್ಮಾವ್ರು ಬಾಗಿಲಲ್ಲೇ ಗೊಣಗಿದರು.

ಸಂಜೆ ಬಸ್ಸಿಳಿದಾಗ ಮೇಷ್ಟ್ರ ಹೆಗಲ ಮೇಲೆ ಯುಪಿಎಸ್ ಇತ್ತು. ಕೈಚೀಲದಲ್ಲಿ ಮಡಿಸಿದ ಸೊಳ್ಳೆ ಪರದೆ.